ಹೊಳೆ ದಾಟದ ಅಕ್ಷರ

ನಮ್ಮ ಕಣಿವೆಯಲ್ಲಿ ವ್ಯಂಜನಗಳು ಹೊಳೆ ದಾಟುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಿಂತು ಕೇಳಿದವರಿಗೆ ಗೊತ್ತು. ಎಂಥ ಗಟ್ಟಿ ಗಂಟಲಿನವರು ಈಚೆ ದಡದಿಂದ ‘ಕತ್ತರಿ ತಾ’ ಎಂದು ಅರಚಿದರೂ ಆಚೆ ದಡಕ್ಕೆ ಮುಟ್ಟುವುದು ಅ, ಅ, ಇ, ಆ ಅಷ್ಟೇ. ಕ, ತ, ರ ಎಲ್ಲವನ್ನೂ ನಡುವೆ ಬಂಡೆಗಳ ಮೇಲೆ ಬೀಳುವ ಹೊಳೆಯ ಸದ್ದು ನುಂಗಿ ನೀರು ಕುಡಿಯುತ್ತದೆ. ಕೂಗಳತೆಯ ದೂರ ಎನ್ನುತ್ತಾರಲ್ಲ, ನಮ್ಮ ಎರಡು ದಡಗಳ ನಡುವೆ ಇರುವುದು ಅದೇ ದೂರ. ಕೂಗು ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ.

ಫೋನು ಬರುವ ಮುಂಚೆ ನಮ್ಮ ಹಿರಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಮನುಷ್ಯರ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಮನೆಯನ್ನೇ ಕೂಗುತ್ತಿದ್ದರು. ಬಾವಿಮನೆಗೆ ‘ಆ-ಇ-ಅ-ಏ’. ಕುಲುಮೆಮನೆಗೆ ‘ಉ-ಉ-ಎ-ಅ-ಏ’. ಕೊನೆಯ ಸ್ವರವನ್ನು ಉಸಿರು ಇರುವಷ್ಟೂ ಎಳೆಯಬೇಕು. ಕೂಗಿಸಿಕೊಂಡ ಮನೆಯವರು ಅಂಗಳಕ್ಕೆ ಬಂದು ‘ಓ’ ಎಂದು ಓಗೊಡಬೇಕು. ಆಮೇಲೆ ಸುದ್ದಿ. ಸುದ್ದಿ ಎಂದರೆ ಬಹುಪಾಲು ಹಿಟ್ಟಿನದೇ. ಗಿರಣಿ ಇರುವುದು ಆಚೆ ದಡದಲ್ಲಿ. ಯಾರ ಮನೆಯ ಕಾಳು ಬೀಸಿ ಮುಗಿಯಿತೋ ಆ ಮನೆಯನ್ನು ಗಿರಣಿಯವರು ಕೂಗುತ್ತಿದ್ದರು, ಅಲ್ಲಿಂದ ಒಬ್ಬರು ಹೊಳೆಗೆ ಅಡ್ಡ ಹಾಕಿದ್ದ ಮರದ ಕಾಲುಸಂಕ ದಾಟಿ ಹೋಗಿ ಚೀಲ ಹೊತ್ತು ತರುತ್ತಿದ್ದರು.

ಇದರಲ್ಲೊಂದು ವಿಚಿತ್ರವಿದೆ. ಯಾವ ಮನೆಯವರೂ ತಮ್ಮ ಕೂಗನ್ನು ತಾವು ಕೂಗಿದ್ದಿಲ್ಲ. ತಮ್ಮ ಮನೆಯನ್ನು ತಾವೇ ಕರೆಯುವುದಕ್ಕೆ ಯಾರಿಗಾದರೂ ಹುಚ್ಚು ಹಿಡಿದಿದೆಯೇ? ನಮ್ಮ ಮನೆಯ ಕೂಗು ಇದ್ದದ್ದು ಎದುರು ದಡದವರ ಬಾಯಲ್ಲಿ, ಅವರದು ನಮ್ಮ ಬಾಯಲ್ಲಿ. ಇಡೀ ಕಣಿವೆಯ ಜನ ಹೀಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಕಾಪಾಡಿಕೊಂಡು ಬಂದವರು. ಈ ಮಾತು ಹೇಳುವಾಗೆಲ್ಲ ನನಗೆ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ನಾನು ಬಟ್ಟೆ ಹೊಲಿಯುವವಳು. ನನ್ನ ಅಂಗಡಿಯ ಪಕ್ಕಕ್ಕೇ ಹಾಲಿನ ಸೊಸೈಟಿಯ ಹಳೆಯ ಕೋಣೆ ಇದೆ. ಸೊಸೈಟಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಕೋಣೆ ಖಾಲಿ ಬಿತ್ತು, ಕೀಲಿ ನನ್ನ ಹತ್ತಿರ ಉಳಿಯಿತು. ಕೀಲಿ ಯಾರ ಹತ್ತಿರವೋ ಕೆಲಸವೂ ಅವರದೇ ಎನ್ನುವುದು ನಮ್ಮೂರಿನ ಕಾನೂನು. ಹೀಗಾಗಿ ಕಣಿವೆಯ ಹಳೆಯ ಸಾಮಾನು, ಹಳೆಯ ಫೋಟೋ, ಹಳೆಯ ನೆನಪು ಎಲ್ಲ ಆ ಕೋಣೆಗೆ ಬಂದು ಸೇರಿದವು, ಅದರ ಯಜಮಾನಿಕೆ ನನ್ನ ತಲೆಗೆ ಬಂತು. ಈಗಲೂ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಹುಳಿ ಹಾಲಿನ ವಾಸನೆ, ಆಮೇಲೆ ಇತಿಹಾಸ.

ಇದನ್ನೆಲ್ಲ ಶುರು ಮಾಡಿದವನು ನನ್ನ ದೊಡ್ಡಪ್ಪ. ಬಡಗಿ. ನನ್ನ ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ದೊಡ್ಡಪ್ಪನೂ ದೊಡ್ಡಮ್ಮನೂ ನನ್ನನ್ನು ಸಾಕಿದರು, ಹೊಲಿಗೆ ಮೆಷಿನ್ನಿನ ಕಾಲುಮಣೆ ಮುರಿದಾಗೆಲ್ಲ ದೊಡ್ಡಪ್ಪನೇ ಮಾಡಿಕೊಟ್ಟ. ಅವನಿಗೆ ಮಕ್ಕಳಿಲ್ಲ, ನನಗೆ ಅಪ್ಪನಿಲ್ಲ, ಲೆಕ್ಕ ಸರಿಹೋಯಿತು ಎಂದು ಅವನೇ ಹೇಳುತ್ತಿರುತ್ತಾನೆ. ಫೋನಿನ ಕಾಲದಲ್ಲಿ ಕೂಗುಗಳು ಸದ್ದಿಲ್ಲದೆ ಸಾಯುತ್ತಿವೆ ಎಂದು ಮೊದಲು ತಲೆಕೆಡಿಸಿಕೊಂಡವನು ಅವನೇ. ನಮ್ಮ ದಡದ ಮನೆಮನೆಗೂ ಹೋಗಿ, ಬಾಗಿಲಲ್ಲಿ ಕೂತು, ಚಹಾ ಕುಡಿದು, ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದ.

ರೇಡಿಯೋ ರಿಪೇರಿ ಮಾಡುವವನೊಬ್ಬ ಇದ್ದಾನೆ, ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಾರೆ. ಅವನು ಕೂಗುಗಳನ್ನು ರೆಕಾರ್ಡ್ ಮಾಡಿದ. ದೊಡ್ಡಪ್ಪ ಒಂದು ಅಗಲವಾದ ಹಲಗೆಗೆ ಉಜ್ಜುಗೊರಡು ಹಾಕಿ, ಕಣಿವೆಯ ನಕ್ಷೆ ಕೆತ್ತಿ, ಹೊಳೆಗೆ ನೀಲಿ ಬಣ್ಣ ಬಳಿದ. ಮನೆ ಇರುವ ಕಡೆಯಲ್ಲೆಲ್ಲ ರೇಡಿಯೋ ಕರೆಗಂಟೆಯ ಒಂದೊಂದು ಗುಂಡಿ ಕೂರಿಸಿದ. ಗುಂಡಿ ಒತ್ತಿದರೆ ಆ ಮನೆಯ ಕೂಗು ಕೇಳಬೇಕು. ಭಾನುವಾರ ಎರಡೂ ದಡದವರನ್ನು ಕರೆದು ಕೋಣೆಯನ್ನು ತೆರೆಯುವುದೆಂದು ನಿಶ್ಚಯವಾಗಿತ್ತು. ಎಲ್ಲ ಗುಂಡಿಗೂ ದನಿ ಬಂದಿತ್ತು, ನಮ್ಮ ಮನೆಯದೊಂದನ್ನು ಬಿಟ್ಟು.

ನಮ್ಮ ಮನೆಯ ಕೂಗು ಏನೆಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ‘ಒ-ಅ-ಅ-ಏ’. ದೊಡ್ಡಮನೆ. ದೊಡ್ಡಪ್ಪ ಇದನ್ನು ಹೇಳದ ದಿನವಿಲ್ಲ, ಹೇಳಿಸಿಕೊಳ್ಳದ ಮನುಷ್ಯನಿಲ್ಲ. ಮನೆ ನೋಡಿದವರಿಗೆ ನಗು ಬರುವುದು ಸಹಜ. ಎರಡು ಕೋಣೆ, ಒಂದು ಜಗಲಿ, ತಲೆ ಬಗ್ಗಿಸದಿದ್ದರೆ ಹಣೆಗೆ ಹೊಡೆಯುವ ಬಾಗಿಲು. ಬಾವಿಮನೆಗೆ ಮಹಡಿ ಇದೆ, ಅವರೇ ಸುಮ್ಮನಿದ್ದಾರೆ. ಕೇಳಿದರೆ ದೊಡ್ಡಪ್ಪ, ದೊಡ್ಡತನ ಗೋಡೆಯಲ್ಲಿಲ್ಲ, ಘನತೆಯಲ್ಲಿದೆ, ಆಚೆ ದಡದವರು ಸುಮ್ಮನೆ ಕೊಟ್ಟ ಬಿರುದಲ್ಲ ಅದು ಎನ್ನುತ್ತಿದ್ದ. ಯಾಕೆ ಕೊಟ್ಟರು ಎಂದರೆ ಅವನಿಗೂ ಗೊತ್ತಿರಲಿಲ್ಲ. ಘನತೆಗೆ ಕಾರಣ ಬೇಕೇ ಎಂದು ನನ್ನನ್ನೇ ಗದರುತ್ತಿದ್ದ.

ನಮ್ಮ ಗುಂಡಿಗೆ ತಾನೇ ಕೂಗಿಕೊಡುತ್ತೇನೆ ಎಂದು ಅವನು ಮುಂದೆ ಬಂದ. ನಾನು ಒಪ್ಪಲಿಲ್ಲ. ಎದುರು ದಡದಲ್ಲಿ ನಿಂತು ಕೂಗಿದವರ ಬಾಯಿಂದಲೇ ಕೂಗು ಬರಬೇಕು ಎನ್ನುವುದು ನಾವು ಮೊದಲ ದಿನವೇ ಹಾಕಿಕೊಂಡ ನಿಯಮ, ಅದೂ ಅವನದೇ ಸಲಹೆ. ನಮ್ಮ ದಡದ ಮನೆಗಳನ್ನು ಕೂಗಬಲ್ಲವಳು ಉಳಿದಿದ್ದದ್ದು ಒಬ್ಬಳೇ, ಗಿರಣಿ ಅಜ್ಜಿ. ಗಿರಣಿಗೆ ಸೊಸೆಯಾಗಿ ಬಂದ ಮೇಲೆ ಬೀಸುವ ಕೆಲಸ ಗಂಡಸರದು, ಕೂಗುವ ಕೆಲಸ ಇವಳದು. ನಮ್ಮ ದಡದ ಉಳಿದ ಮನೆಗಳನ್ನು ರೇಡಿಯೋ ಅವಳ ಬಾಯಲ್ಲೇ ಕೂಗಿಸಿ ತಂದಿದ್ದ, ನಮ್ಮದನ್ನು ಮಾತ್ರ ದೊಡ್ಡಪ್ಪ ಕೂಗಿಸಲು ಬಿಟ್ಟಿರಲಿಲ್ಲ. ದೊಡ್ಡಪ್ಪನಿಗೂ ಆ ಮನೆಗೂ ಎಣ್ಣೆ ಸೀಗೇಕಾಯಿ. ಸಿಮೆಂಟಿನ ಸೇತುವೆ ಬಂದಾಗ ಅದು ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಆಗಬೇಕು ಎಂದು ಇವನು, ಗಿರಣಿಯ ಬಳಿ ಆಗಬೇಕು ಎಂದು ಅಜ್ಜಿಯ ಗಂಡ. ಸೇತುವೆ ಗಿರಣಿಯ ಬಳಿ ಆಯಿತು. ಅಂದಿನಿಂದ ದೊಡ್ಡಪ್ಪ ಅದರ ಮೇಲೆ ಕಾಲಿಟ್ಟವನಲ್ಲ. ಪೇಟೆಗೆ ಹೋಗಬೇಕಾದರೆ ಗುಡ್ಡ ಸುತ್ತಿ ಕೆಳಗಿನ ದಾರಿಯಲ್ಲಿ ಹೋಗಿ ಮಧ್ಯಾಹ್ನಕ್ಕೆ ತಲುಪುತ್ತಾನೆ. ಅಜ್ಜಿಯ ಗಂಡ ಸತ್ತು ಯಾವ ಕಾಲವಾಯಿತೋ, ಇವನ ಸಿಟ್ಟಿಗೆ ಮಾತ್ರ ಇನ್ನೂ ಸಾವಿಲ್ಲ.

ಅದಕ್ಕೇ ರೇಡಿಯೋನನ್ನು ಕರೆದುಕೊಂಡು ನಾನೇ ಹೋದೆ. ಗಿರಣಿ ನಿಂತು ಹೋಗಿದೆ. ಬೀಸುವ ಕಲ್ಲುಗಳನ್ನು ಗೋಡೆಗೆ ಒರಗಿಸಿದ್ದಾರೆ, ಅವುಗಳ ಗೀರುಗಳಲ್ಲಿ ಹಿಟ್ಟು ಗಟ್ಟಿಯಾಗಿ ಕೂತಿದೆ. ಅಂಗಳದ ಅಂಚಿಗೆ ಒಂದು ಚಪ್ಪಟೆ ಬಂಡೆ. ತಲೆಮಾರುಗಳಿಂದ ಅದರ ಮೇಲೇ ನಿಂತು ಕೂಗಿ ಅದು ನಡುವೆ ಸವೆದು ತಗ್ಗಾಗಿದೆ. ಅಜ್ಜಿ ಆ ತಗ್ಗಿನಲ್ಲಿ ಕಾಲಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡು, ಒಂದೇ ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದಳು. ಎರಡೂ ಕೈ ಹಿಡಿದರೆ ದನಿ ಡೊಳ್ಳಾಗುತ್ತದಂತೆ. ಆಮೇಲೆ ಕೂಗಿದಳು.

ನಾನು ಅವಳ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದೆ. ಹೊಳೆ ನುಂಗುವ ಮುಂಚೆಯೇ ಎಲ್ಲ ಅಕ್ಷರವೂ ನನ್ನ ಕಿವಿಗೆ ಬಿತ್ತು. ಅವಳು ಕೂಗಿದ್ದು ಮೊಂಡಮನೆ.

ರೇಡಿಯೋ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಹಾವು ತುಳಿದವನ ಹಾಗೆ ನನ್ನ ಮುಖ ನೋಡಿದ. ಏನು ಕೂಗಿದಿರಿ ಎಂದು ಅಜ್ಜಿಯನ್ನು ಕೇಳಿದೆ.

“ಮೊಂಡಮನೆ. ಯಾಕೆ, ನೀವೇನು ಅಂದ್ಕೊಂಡಿದ್ರಿ?”

ದೊಡ್ಡಮನೆ ಎಂದೆ. ಅಜ್ಜಿ ನಕ್ಕ ರಭಸಕ್ಕೆ ಬಂಡೆಯಿಂದ ಬಿದ್ದೇಬಿಡುತ್ತಾಳೆಂದು ನಾನು ತೋಳು ಹಿಡಿದುಕೊಂಡೆ. ನಮ್ಮ ಮನೆಯವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊಂಡುತನ ಏನು ಕಂಡಿರಿ ನಮ್ಮಲ್ಲಿ ಎಂದು ಕೇಳಿದೆ, ದನಿ ಸ್ವಲ್ಪ ಏರಿತ್ತು. ಅವಳು ಕಣ್ಣು ಒರೆಸಿಕೊಂಡು, ಈಗ ನನ್ನ ಹತ್ತಿರ ಹೇಗೆ ಮಾತಾಡ್ತಿದ್ದೀಯೋ ನೋಡ್ಕೋ ಎಂದಳು. ಕಾರಣವನ್ನು ಮಾತ್ರ ಬಿಟ್ಟುಕೊಡಲಿಲ್ಲ.

“ಅದು ನಿಮ್ಮ ದೊಡ್ಡಪ್ಪನಿಗೆ ಹೇಳೋ ಮಾತು. ಸೇತುವೆ ದಾಟಿ ಬರ್ಲಿ, ಹೇಳ್ತೀನಿ.”

ವಾಪಸು ಬರುವಾಗ ರೇಡಿಯೋ ಒಂದು ಉಪಾಯ ಸೂಚಿಸಿದ. ಮೊದಲ ಅಕ್ಷರದ ತಲೆ ಒಂಚೂರು ಕತ್ತರಿಸಿಬಿಟ್ಟರೆ ಬರೀ ‘ಒ’ ಉಳಿಯುತ್ತದೆ, ಮಿಕ್ಕಿದ್ದನ್ನು ಮಸುಕು ಮಾಡುತ್ತೇನೆ, ಯಾರಿಗೆ ಏನು ಬೇಕೋ ಅದನ್ನು ಕೇಳಿಸಿಕೊಳ್ಳಲಿ ಅಕ್ಕ ಎಂದ. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಿಂದಿನ ವಾರವಷ್ಟೇ ಆಚೆ ದಡದ ಒಂದು ಮನೆಯವರು ಬಂದು ಗೋಗರೆದಿದ್ದರು. ಅವರ ಮನೆಯ ಕೂಗು ‘ಜಗಳದಮನೆ’. ಮಗಳಿಗೆ ಗಂಡು ನೋಡುತ್ತಿದ್ದೇವೆ, ಸ್ವಲ್ಪ ತಿದ್ದಿಕೊಡಿ ಎಂದು ಕೇಳಿದಾಗ, ಇದೇನು ಅಂಗಿಯೇ, ಬಿಗಿಯಾಯಿತು ಎಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದಕ್ಕೆ ಎಂದು ನಾನು ದೊಡ್ಡ ಭಾಷಣ ಬಿಗಿದಿದ್ದೆ. ಈಗ ನಮ್ಮ ಮನೆಯ ಅಂಗಿಗೆ ಕತ್ತರಿ ಹಾಕಿದರೆ ನಾನು ಯಾವ ಮುಖ ಹೊತ್ತು ಆ ಕೋಣೆಯ ಬೀಗ ತೆಗೆಯಲಿ?

ಹೇಳಿಬಿಡುವುದೆಂದು ನಿರ್ಧರಿಸಿದೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ನಕ್ಷೆಯ ಹಲಗೆಯ ಅಂಚಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ನಾನು ಹೇಳಿದೆ, ರೇಡಿಯೋ ಕೇಳಿಸಿದ. ಉಪ್ಪುಕಾಗದ ನಿಂತಿತು. ಇನ್ನೊಂದು ಸಲ ಹಾಕು ಎಂದ. ಹಾಕಿದ. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ. ಕೋಪ ಬಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ, ಮೊದಲು ಬಂದದ್ದು ನಾಚಿಕೆ. ಬದುಕಿನುದ್ದಕ್ಕೂ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡದ್ದು ಒಂದೇ ಗಳಿಗೆಯಲ್ಲಿ ಗಾಳಿಗೆ ಹೋದರೆ ಯಾರಿಗಾದರೂ ಆಗುವುದೇ. ಕೋಪ ಆಮೇಲೆ ಬಂತು. ಸೇತುವೆಯ ಸೇಡು ಇದು, ಮುದುಕಿ ಈಗ ಹೊಸದಾಗಿ ಹೊಸೆದದ್ದು ಎಂದ. ಕಡೆಗೆ ನನ್ನ ಕಡೆ ತಿರುಗಿದ.

“ಆ ಮಾತು ಆ ಕೋಣೇಲಿ ಕೇಳಿಸಿದ್ರೆ ನಾನು ಅದರ ಹೊಸ್ತಿಲು ತುಳಿಯಲ್ಲ. ಹಲಗೆ ಇಟ್ಕೊಳ್ಳಿ, ನನ್ನನ್ನ ಕರೀಬೇಡಿ.”

ಅವನು ಹಾಗೆಂದರೆ ಹಾಗೇ. ಸೇತುವೆಯನ್ನು ಬಿಟ್ಟವನಿಗೆ ಕೋಣೆಯನ್ನು ಬಿಡುವುದು ಯಾವ ಲೆಕ್ಕ? ಅವನಿಲ್ಲದೆ ಆ ಬಾಗಿಲು ತೆರೆಯುವುದು ನನಗೆ ಬೇಕಿರಲಿಲ್ಲ. ಸುಳ್ಳು ಕೂಗು ಹಾಕಿ ತೆರೆಯುವುದೂ ಬೇಕಿರಲಿಲ್ಲ.

ಒಂದು ಪರೀಕ್ಷೆ ಮಾಡೋಣ ಎಂದವನು ದೊಡ್ಡಪ್ಪನೇ. ಯಂತ್ರವನ್ನು ನಂಬಲಾಗದು, ಯಾವಾಗಲೂ ಕೇಳಿದ ಹಾಗೆ ಅಂಗಳದಲ್ಲೇ ನಿಂತು ಕೇಳುತ್ತೇನೆ, ಅವಳು ಅಲ್ಲಿಂದ ಕೂಗಲಿ ಎಂದ. ಮರುದಿನ ಬೆಳಿಗ್ಗೆ ರೇಡಿಯೋ ಗಿರಣಿಗೆ ಹೋದ. ನಾವು ಮೂವರು ಅಂಗಳದಲ್ಲಿ ಸಾಲಾಗಿ ನಿಂತೆವು. ದೊಡ್ಡಮ್ಮ ಒದ್ದೆ ಬಟ್ಟೆಯ ಬಕೆಟ್ಟು ಕೈಯಲ್ಲೇ ಹಿಡಿದಿದ್ದಳು. ಆಚೆ ದಡದಿಂದ ಕೂಗು ಬಂತು, ತೆಳ್ಳಗೆ, ಉದ್ದಕ್ಕೆ, ಹೊಳೆಯ ಸದ್ದಿನ ಮೇಲೆ ತೇಲಿಕೊಂಡು. ಒ-ಅ-ಅ-ಏ.

ದೊಡ್ಡಪ್ಪ ತೊಡೆ ತಟ್ಟಿದ. ಕೇಳಿದಿರಾ, ದೊಡ್ಡಮನೆ, ಸೂರ್ಯನಷ್ಟು ಸ್ಪಷ್ಟ ಎಂದ. ನನಗೆ ಕೇಳಿದ್ದು ಮೊಂಡಮನೆಯೇ. ನಿನ್ನೆಯವರೆಗೆ ನನಗೂ ದೊಡ್ಡಮನೆ ಎಂದೇ ಕೇಳುತ್ತಿತ್ತು, ಈಗ ಕಿವಿ ಕೆಟ್ಟಿತ್ತು. ಇಬ್ಬರೂ ಜಗಳಕ್ಕೆ ನಿಂತೆವು. ದೊಡ್ಡಮ್ಮ ಬಕೆಟ್ಟು ಕೆಳಗಿಟ್ಟಳು.

“ನಂಗೆ ಯಾವತ್ತೂ ಹೊಸಮನೆ ಅಂತಲೇ ಕೇಳಿಸಿದ್ದು” ಎಂದಳು.

ನಾವಿಬ್ಬರೂ ಅವಳ ಕಡೆ ತಿರುಗಿದೆವು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಸಲ ಈ ಕೂಗು ಕೇಳಿದಳಂತೆ. ತನ್ನನ್ನೇ ಕರೆಯುತ್ತಿದ್ದಾರೆ, ಹೊಸಬಳು ಬಂದದ್ದು ಆಚೆ ದಡದವರಿಗೂ ಗೊತ್ತಾಗಿ ಈ ಮನೆಗೆ ಹೊಸಮನೆ ಎಂದು ಹೆಸರಿಟ್ಟಿದ್ದಾರೆ ಎಂದುಕೊಂಡಳಂತೆ. ತವರು ನೆನಪಾಗಿ ಅಳು ಬರುತ್ತಿದ್ದ ದಿನಗಳವು, ಆ ಕೂಗು ಕೇಳಿ ಸಮಾಧಾನವಾಯಿತಂತೆ. ನೀವು ದೊಡ್ಡಮನೆ ದೊಡ್ಡಮನೆ ಎಂದು ಕುಣಿಯುತ್ತಿದ್ದಿರಿ, ನಾನ್ಯಾಕೆ ಅಡ್ಡ ಬರಲಿ ಎಂದು ಬಾಯಿ ಬಿಡಲಿಲ್ಲ ಎಂದಳು. ಇಷ್ಟು ಹೇಳಿ ಬಟ್ಟೆ ಹರವಲು ಹೋದಳು.

ದೊಡ್ಡಪ್ಪ ಜಗಲಿಗೆ ಬಂದು ಕೂತ. ಒಂದೇ ಕೂಗು, ಒಂದೇ ಅಂಗಳ, ಮೂರು ಕಿವಿಗೆ ಮೂರು ಮಾತು. ಬಡಗಿಯ ತಲೆ ಅದು, ಅಳತೆಗೆ ಸಿಗದ್ದನ್ನು ಹಾಗೇ ಬಿಡುವುದು ಅದಕ್ಕೆ ಗೊತ್ತಿಲ್ಲ. ಕಡೆಗೆ ಎದ್ದು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

“ದೂರದಿಂದ ಕಣ್ಣಳತೆ ಎಷ್ಟು ಅಂತ ನೋಡೋದು. ನಡಿ, ಹತ್ತಿರ ಹೋಗೇ ಅಳೆಯೋಣ” ಎಂದ.

ಸೇತುವೆಯ ತುದಿಗೆ ಬಂದಾಗ ಅವನ ನಡಿಗೆ ನಿಧಾನವಾಯಿತು. ನಾನು ತಿರುಗಿ ನೋಡಲಿಲ್ಲ, ನೋಡಿದರೆ ವಾಪಸು ಹೋದಾನು ಎಂಬ ಭಯ. ಹಿಂದೆ ಚಪ್ಪಲಿಯ ಸದ್ದು ಮತ್ತೆ ಕೇಳಿತು. ನಡುಮಧ್ಯದಲ್ಲಿ ನಿಂತು ಸೇತುವೆಯ ಅಂಚಿನ ಕಟಾಂಜನಕ್ಕೆ ಗುದ್ದಿ, ಬಿರುಕು ಬಿಟ್ಟಿದೆ ನೋಡು, ನಮ್ಮ ತಿರುವಿನಲ್ಲಿ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ಹೌದು ದೊಡ್ಡಪ್ಪ ಎಂದೆ. ಅಷ್ಟು ಸುಳ್ಳಿಗೆ ಯಾರ ಇತಿಹಾಸವೂ ಕೆಡುವುದಿಲ್ಲ.

ಗಿರಣಿ ಅಜ್ಜಿ ಅಂಗಳದಲ್ಲೇ ಇದ್ದಳು. ರೇಡಿಯೋ ಅವಳ ಪಕ್ಕ ಪೆಟ್ಟಿಗೆ ತೆರೆದುಕೊಂಡು ಕೂತಿದ್ದ. ಅಜ್ಜಿ ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿ, ಬಂದೆಯಾ ಎಂದಳು, ನಿನ್ನೆ ಹೋಗಿ ಇವತ್ತು ಬಂದವನನ್ನು ಕೇಳುವ ಹಾಗೆ. ಬಂದೆ ಗಿರಣಿ ಅಕ್ಕ ಎಂದು ದೊಡ್ಡಪ್ಪ ನೆಲ ನೋಡಿದ. ಕುಶಲ ಕೇಳುವುದು ಅಲ್ಲಿಗೇ ಮುಗಿಯಿತು. ಹಾಗಾದರೆ ಅದು ಬೈಗುಳವೇ ಎಂದು ಅವನು ನೇರ ಕೇಳಿದ. ಅಜ್ಜಿ ಅವನಿಗೆ ಮಣೆ ಕೊಟ್ಟು ಕೂರಿಸಿ ಹೇಳತೊಡಗಿದಳು.

ಇದು ಅವಳ ಅತ್ತೆ ಮಾವನ ಕಾಲದ ಮಾತು. ಆ ವರ್ಷ ಹೊಳೆ ಉಕ್ಕಿ ಕಾಲುಸಂಕ ಮೊದಲ ದಿನವೇ ಕೊಚ್ಚಿಹೋಯಿತು. ಗಿರಣಿಯ ಕಾಲುವೆ ಒಡೆದು ಹಿಂದಿನಿಂದಲೂ ನೀರು ಸುತ್ತುವರಿಯಿತು. ಮಾವ, ಅತ್ತೆ, ಸಣ್ಣ ಮಕ್ಕಳು ಅಟ್ಟ ಹತ್ತಿ ಕೂತರು. ಸಂಜೆಯ ಹೊತ್ತಿಗೆ ಮಾವ ಅಟ್ಟದ ಕಿಂಡಿಯಲ್ಲಿ ತಲೆ ಹಾಕಿ ಎದುರು ದಡದ ಮನೆಗಳನ್ನು ಒಂದೊಂದಾಗಿ ಕೂಗಿದರು, ಮೇಲಿನಿಂದ ಕೆಳಕ್ಕೆ. ಬಾವಿಮನೆ, ಕುಲುಮೆಮನೆ, ಎಲ್ಲವನ್ನೂ. ಯಾರೂ ಓಗೊಡಲಿಲ್ಲ. ಅವರದು ತಪ್ಪಲ್ಲ, ಬುದ್ಧಿ ಇದ್ದವರೆಲ್ಲ ಗುಡ್ಡದ ಆಚೆ ಬದಿಗೆ ಹೋಗಿದ್ದರು. ಎಲ್ಲಕ್ಕಿಂತ ತಗ್ಗಿನಲ್ಲಿ, ನೀರಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ನಮ್ಮ ಮನೆ. ಆಗ ಅದರ ಕೂಗು ಕೆಳಮನೆ, ಅಷ್ಟೇ. ಅದು ಮುಳುಗಿಯೇ ಹೋಗಿರುತ್ತದೆ ಎಂದು ಮಾವ ಕೂಗಲೂ ಇಲ್ಲ. ಅತ್ತೆಯೇ, ಅದೊಂದನ್ನು ಯಾಕೆ ಬಿಡುತ್ತೀರಿ ಎಂದರು. ಮಾವ ಅದನ್ನೂ ಕೂಗಿದರು.

“ಓ ಅಂತ ಬಂತು. ಹೆಂಗಸಿನ ದನಿ. ನಿನ್ನ ಅಜ್ಜಿ ಕಣೋ ಅವಳು.”

ದೊಡ್ಡಪ್ಪ ಮಣೆಯ ಮೇಲೆ ನೆಟ್ಟಗಾದ. ಅವನ ಅಜ್ಜಿ ಎಂದರೆ ನನ್ನ ಮುತ್ತಜ್ಜಿ. ಗಂಡ ಮಕ್ಕಳನ್ನೆಲ್ಲ ಗುಡ್ಡಕ್ಕೆ ಅಟ್ಟಿ ತಾನೊಬ್ಬಳೇ ಉಳಿದಿದ್ದಳಂತೆ. ಈ ತಲೆಯ ಮೇಲೆ ಮಣ್ಣು ಹೊತ್ತು ಕಟ್ಟಿದ ಮನೆ, ನೀರು ಬರುವುದಾದರೆ ನನ್ನನ್ನು ಕೇಳಿಕೊಂಡು ಒಳಗೆ ಬರಲಿ ಎಂದು ಕೋಳಿಗಳ ಜೊತೆ ಅಟ್ಟದ ಮೇಲೆ ಕೂತಿದ್ದಳಂತೆ. ನೀರು ಇಳಿಯುವವರೆಗೂ ಮಾವ ಆಗಾಗ ಕೂಗಿದರು. ಕೂಗಿದಾಗೆಲ್ಲ ಅವಳು ಓಗೊಟ್ಟಳು.

“ಅವಳ ಕೈಲಿ ಏನೂ ಆಗ್ತಿರ್ಲಿಲ್ಲ. ದೋಣಿ ಇಲ್ಲ, ಹಗ್ಗ ಇಲ್ಲ. ಬರೀ ಓ ಅಂದ್ಲು. ಆ ಓ ಒಂದು ಇಲ್ದೇ ಹೋಗಿದ್ರೆ ಎದೆಗೆಟ್ಟು ಮಕ್ಕಳನ್ನ ಬೆನ್ನಿಗೆ ಕಟ್ಕೊಂಡು ನೀರಿಗೆ ಇಳಿದುಬಿಡ್ತಿದ್ದೆ, ಒಬ್ರೂ ಉಳೀತಿರ್ಲಿಲ್ಲ ಅಂತ ನಮ್ಮ ಮಾವ ಸಾಯೋವರೆಗೂ ಹೇಳ್ತಿದ್ರು. ಆ ಮಕ್ಕಳಲ್ಲಿ ಒಬ್ರು ನನ್ನ ಯಜಮಾನ್ರು.”

ನೆರೆ ಇಳಿದ ಮೇಲೆ ಮೊದಲ ಸಲ ಹಿಟ್ಟು ಬೀಸಿದಾಗ ಮಾವ ಬಂಡೆಯ ಮೇಲೆ ನಿಂತು ಆ ಮೊಂಡು ಹೆಂಗಸಿನ ಮನೆಯನ್ನು ಹೊಸ ಹೆಸರು ಹಿಡಿದು ಕೂಗಿದರು. ಸೊಸೆಯಾಗಿ ಬಂದ ದಿನ ಅತ್ತೆ ಇವಳಿಗೆ ಮೊದಲು ಕಲಿಸಿದ ಕೂಗು ಅದೇ. ಬೈಗುಳವಲ್ಲ ಅದು, ಗಿರಣಿಯವರ ಮಟ್ಟಿಗೆ ಅದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ ಎಂದಳು ಅಜ್ಜಿ. ಆದರೂ ಮುಖ ನೋಡಿಕೊಂಡು ಮೊಂಡಮನೆಯವರೇ ಎನ್ನುವುದಕ್ಕೆ ಆಗುತ್ತದೆಯೇ? ಎದುರಿಗೆ ಬಂದರೆ ಬಾ ಕೂತ್ಕೋ ಎನ್ನುತ್ತಿದ್ದರು. ನಮ್ಮವರು ಗಿರಣಿಯ ಅಂಗಳದಲ್ಲಿ ನಿಂತಿದ್ದಾಗ ನಮ್ಮ ಮನೆಯನ್ನು ಕೂಗುವ ಪ್ರಮೇಯವೇ ಇರಲಿಲ್ಲ. ಕೇಳಿಸಿಕೊಂಡದ್ದು ನಮ್ಮನ್ನು ಬಿಟ್ಟು ಮಿಕ್ಕೆಲ್ಲರೂ. ದೊಡ್ಡಪ್ಪ ದೊಡ್ಡಮನೆಯ ಪ್ರಸ್ತಾಪ ತೆಗೆದಾಗೆಲ್ಲ ಬಾವಿಮನೆಯವರು ಯಾಕೆ ಕೆಮ್ಮುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು.

ದೊಡ್ಡಪ್ಪ ಮಣೆಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡ.

“ನಮ್ಮ ಅಜ್ಜಿ ಹೇಳ್ತಿದ್ಲು. ನೆರೆ ಬಂದು ಹೋದ್ಮೇಲೆ ಯಾಕೋ ನಮ್ಮನ್ನ ದೊಡ್ಡಮನೆ ಅಂತ ಕೂಗೋಕೆ ಶುರು ಮಾಡಿದ್ರು ಅಂತ. ಯಾಕೆ ಅಂತ ಅವಳಿಗೂ ಗೊತ್ತಿರ್ಲಿಲ್ಲ. ನೀರಲ್ಲಿ ಒಬ್ಳೇ ಕೂತಿದ್ದೆ ಅಂತ ಒಂದು ದಿನಾನೂ ಹೇಳ್ಲಿಲ್ಲ.”

ಅವನ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ. ದೊಡ್ಡಮನೆ ಎಂಬ ಹೆಸರು ಯಾರು ಬೇಕಾದರೂ ತಮಗೆ ತಾವೇ ಇಟ್ಟುಕೊಳ್ಳಬಹುದಿತ್ತು. ಇದನ್ನು ಒಬ್ಬಳು ನೀರಿನ ನಡುವೆ ಕೂತು ಸಂಪಾದಿಸಿದ್ದಳು, ಆಚೆ ದಡದವರು ಅದನ್ನು ಬಾಯಿಂದ ಬಾಯಿಗೆ ದಾಟಿಸಿ ನಮಗಾಗಿ ಇಟ್ಟುಕೊಂಡಿದ್ದರು. ನಾನು ಹುಟ್ಟಿದ ಮನೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಇನ್ನೊಂದು ಸಲ ಕೂಗು ಅಕ್ಕ, ಸರಿಯಾಗಿ ಕೇಳುತ್ತೇನೆ ಎಂದು ದೊಡ್ಡಪ್ಪ ಬೇಡಿಕೊಂಡ. ಅಜ್ಜಿ ತಲೆಯಾಡಿಸಿದಳು. ಬೆಳಗ್ಗೆ ನಿಮ್ಮ ಪರೀಕ್ಷೆಗೆ ಕೂಗಿಯೇ ಉಸಿರು ಬತ್ತಿದೆ, ಬಂಡೆ ಅಲ್ಲಿದೆ, ನೀನೇ ಕೂಗು ಎಂದಳು. ಅವನು ನನ್ನ ಮುಖ ನೋಡಿದ. ನಾನು ನಿಯಮವನ್ನು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡೆ. ಎದುರು ದಡದಲ್ಲಿ ನಿಂತು ಕೂಗಿದವರ ಬಾಯಿಂದಲೇ. ಅವನು ನಿಂತದ್ದು ಎದುರು ದಡದಲ್ಲೇ. ಕೂಗು ದೊಡ್ಡಪ್ಪ ಎಂದೆ, ರೇಡಿಯೋಗೆ ಕಣ್ಣು ಸನ್ನೆ ಮಾಡಿದೆ.

ದೊಡ್ಡಪ್ಪ ಚಪ್ಪಲಿ ಬಿಟ್ಟು ಬಂಡೆ ಹತ್ತಿದ. ಎರಡೂ ಕೈ ಎತ್ತಿದ್ದ, ಅಜ್ಜಿ ಒಂದನ್ನು ಹಿಡಿದು ಕೆಳಗಿಳಿಸಿದಳು. ಮೊದಲ ಕೂಗು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಾ‌ಯಿತು. ಎರಡನೆಯದು ಹೊರಟಿತು. ಮೊಂಡಮನೇ ಎಂದು ಒಂದೊಂದು ಅಕ್ಷರವನ್ನೂ ಉಳಿ ಹಿಡಿದು ಕೆತ್ತಿದ ಹಾಗೆ ಕೂಗಿ, ಕೊನೆಯ ಸ್ವರವನ್ನು ಎದೆ ಖಾಲಿಯಾಗುವವರೆಗೆ ಎಳೆದ. ತನ್ನ ಮನೆಯನ್ನು ತಾನು ಕರೆದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಹೊಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಚೆ ದಡದಲ್ಲಿ ನಮ್ಮ ಮನೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು, ಹಗ್ಗದ ಮೇಲೆ ಹರವಿದ ಬಟ್ಟೆ ಕಾಣುತ್ತಿತ್ತು. ಬಟ್ಟೆಯ ಹಿಂದಿನಿಂದ ದೊಡ್ಡಮ್ಮ ಅಂಗಳದ ಅಂಚಿಗೆ ಬಂದಳು.

“ಓ...”

ಆ ‘ಓ’ ಅನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ, ಆದರೆ ಮನೆಯೊಳಗಿನಿಂದ. ಈ ಬಂಡೆಯ ಮೇಲೆ ನಿಂತವರಿಗೆ ಅದು ಹೇಗೆ ಬಂದು ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ತೆಳ್ಳಗೆ ಬರುತ್ತದೆ, ಬಂದು ನೇರ ಎದೆಗೆ ತಾಗುತ್ತದೆ. ದೊಡ್ಡಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ರೇಡಿಯೋ ಕಡೆ ತಿರುಗಿ, ಭಾನುವಾರ ನಮ್ಮ ಮನೆಗೆ ಇದನ್ನೇ ಹಾಕಬೇಕು, ಅವಳ ಓ ಸಮೇತ, ಒಂದಕ್ಷರ ಬಿಡಬಾರದು ಎಂದು ಅಪ್ಪಣೆ ಮಾಡಿದ.

ದೊಡ್ಡಮ್ಮ ಅಂಗಳದಲ್ಲಿ ಹಾಗೇ ನಿಂತಿದ್ದಳು. ಇನ್ನೊಂದು ಸಲ ಓಗೊಟ್ಟಳು. ಓಗೊಟ್ಟ ಮೇಲೆ ಸುದ್ದಿ ಹೇಳುವುದು ಕೂಗಿದವರ ಕರ್ತವ್ಯ. ಅವಳು ಸುದ್ದಿಗೆ ಕಾಯುತ್ತಿದ್ದಳು. ಏನು ಹೇಳಲಿ ಈಗ ಎಂದು ದೊಡ್ಡಪ್ಪ ಗಾಬರಿಯಾಗಿ ನಮ್ಮಿಬ್ಬರನ್ನೂ ನೋಡಿದ. ಇದ್ದದ್ದನ್ನ ಹೇಳು ಎಂದಳು ಅಜ್ಜಿ. ಅವನು ಮತ್ತೆ ಒಂದು ಅಂಗೈ ಎತ್ತಿದ.

“ನಾವು ಮೊಂಡರಂತೆ ಕಣೇ...”

ಹೊಳೆ ಅದರಲ್ಲಿ ಎಷ್ಟನ್ನು ನುಂಗಿತೋ, ದೊಡ್ಡಮ್ಮನಿಗೆ ಏನೆಂದು ಕೇಳಿಸಿತೋ ಗೊತ್ತಿಲ್ಲ. ಅವಳು ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದಳು. ಆಮೇಲೆ ಉಸಿರು ಎಳೆದುಕೊಂಡು, ಮೊದಲಿಗಿಂತ ಗಟ್ಟಿಯಾಗಿ, ಓ ಎಂದಳು.